ಎಂಟು ಗಂಟೆಯ ನೀರು

ಇಪ್ಪತ್ತೆರಡು ವರ್ಷದಿಂದ ಊರಿನ ವಾಲ್ವು ತಿರುಗಿಸುತ್ತಿದ್ದವನನ್ನು ಎಲ್ಲರೂ ನೀರುಗಂಟಿ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದರೆ ಹೆಂಡತಿಯೂ ಅಷ್ಟೇ. ಅಂಗೈ ತುಂಬ ಜಡ್ಡು, ಬಾಯಿ ತುಂಬ ಬೈಗುಳ. ಬೀದಿಯ ಹೆಂಗಸರು ಒಂದು ಅಂದರೆ ಎರಡು ಅನ್ನುತ್ತಿದ್ದ. ಆದರೆ ಯಾರ ಬೀದಿಗೂ ಒಂದು ನಿಮಿಷದ ನೀರು ಹೆಚ್ಚು ಬಿಟ್ಟವನಲ್ಲ, ಕಡಿಮೆ ಬಿಟ್ಟವನಲ್ಲ.

ಅವನ ಒಂದೇ ಸುಳ್ಳು ಪಂಪ್‌ಹೌಸಿನ ರಿಜಿಸ್ಟರಿನಲ್ಲಿತ್ತು. ಪಂಪು ಎಷ್ಟು ಗಂಟೆ ಓಡಿತೆಂದು ದಿನಾ ಬರೆಯಬೇಕು. ಎಂಟಕ್ಕಿಂತ ಕಡಿಮೆ ಬರೆದರೆ ಮೇಲಿನಿಂದ ನೋಟಿಸು, ಅದಕ್ಕೆ ಉತ್ತರ, ಉತ್ತರಕ್ಕೆ ಮತ್ತೊಂದು ನೋಟಿಸು. ಬಾವಿ ಎಷ್ಟಾದರೂ ಕೊಡಲಿ, ಕಾಗದಕ್ಕೆ ಎಂಟು ಕೊಡು ಎಂದು ಹಳೆಯ ಮೇಸ್ತ್ರಿ ಮೊದಲ ವಾರವೇ ಪಾಠ ಹೇಳಿದ್ದ. ನಿಜವಾದ ಗಂಟೆಗಳನ್ನು ನೀರುಗಂಟಿ ಬಾಗಿಲ ಹಿಂದಿನ ಗೋಡೆಗೆ ಇದ್ದಿಲಲ್ಲಿ ಗೀಚುತ್ತಿದ್ದ: ಐದು, ನಾಲ್ಕೂವರೆ, ಬೇಸಿಗೆಯಲ್ಲಿ ಮೂರು. ಊರಿಗೆ ನೀರು ಹಂಚುತ್ತಿದ್ದುದು ಆ ಗೋಡೆ ನೋಡಿ.

ಆಗ ಆರು ಊರುಗಳ ಕೂಡು ನೀರಿನ ಯೋಜನೆ ಬಂತು. ನದಿ ದಂಡೆಯಲ್ಲಿ ಒಂದೇ ಶುದ್ಧೀಕರಣ ಘಟಕ, ಗುಡ್ಡದ ಮೇಲೊಂದು ದೊಡ್ಡ ಟ್ಯಾಂಕು, ಅಲ್ಲಿಂದ ಊರೂರಿಗೆ ಪೈಪು. ಯೋಜನೆಯ ಇಂಜಿನಿಯರಮ್ಮ ಬರುತ್ತಾರೆಂದು ನೀರುಗಂಟಿ ಪಂಪ್‌ಹೌಸಿನ ನೆಲ ತೊಳೆದ, ಮೋಟಾರು ಒರೆಸಿದ, ಹುಮ್ಮಸ್ಸಿನಲ್ಲಿ ಗೋಡೆಗೆ ಸುಣ್ಣವನ್ನೂ ಬಳಿದುಬಿಟ್ಟ.

ಆಕೆ ಬೆಳಿಗ್ಗೆಯೇ ಬಂದು ನಕಾಶೆ ಹಾಸಿದರು. ಕೆಂಪು ಗೆರೆ ಐದು ಊರು ಹೊಕ್ಕಿತ್ತು, ಈ ಊರಿನ ಬೆನ್ನಿಗೆ ಹಾದು ಹೋಗಿತ್ತು. ಯಾಕೆಂದು ಪಂಚಾಯ್ತಿ ಅಧ್ಯಕ್ಷರು ಕೇಳಿದ್ದಕ್ಕೆ ಆಕೆ ರಿಜಿಸ್ಟರು ತಟ್ಟಿದರು. ದಿನಕ್ಕೆ ಎಂಟು ಗಂಟೆ ನೀರಿರುವ ಊರು ಎರಡನೇ ಹಂತಕ್ಕೆ, ಅಂದರೆ ಹತ್ತು ವರ್ಷದ ಮೇಲೆ. ಸಂಜೆ ಆರಕ್ಕೆ ನಕಾಶೆ ಮಂಜೂರಿಗೆ ಹೋಗುತ್ತದೆ.

ನೀರುಗಂಟಿಯ ನಿವೃತ್ತಿಗೆ ಇನ್ನು ಏಳೇ ತಿಂಗಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಮುಚ್ಚಿಕೊಂಡರೆ ಊರಿನ ಬಾಯಿಗೆ ಮಣ್ಣು.

"ಮೇಡಂ, ಆ ಎಂಟು ಸುಳ್ಳು. ನಾನೇ ಬರ್ದಿದ್ದು."

ಅಧ್ಯಕ್ಷರು ಅವನ ತೋಳು ಜಗ್ಗಿದರು. ಪೈಪು ಬೇಕೆಂದಾಗ ಎಲ್ಲರ ಬಾವಿಯೂ ಬತ್ತುತ್ತದೆ, ಪುರಾವೆ ತೋರಿಸಿ ಎಂದರು ಇಂಜಿನಿಯರಮ್ಮ. ಅವನು ಬಾಗಿಲ ಹಿಂದೆ ನೋಡಿದ. ತನ್ನ ಕೈಯಾರೆ ಬಳಿದ ಸುಣ್ಣ ಹಲ್ಲು ಕಿರಿಯುತ್ತಿತ್ತು.

"ಪುರಾವೆ ಬಾವಿ ಒಳಗಿದೆ. ಪಂಪು ಹಾಕ್ತೀನಿ, ನೀವೇ ಕೂತು ನೋಡಿ."

ಒಂಬತ್ತಕ್ಕೆ ಸ್ವಿಚ್ಚು ಒತ್ತಿದ ಮೇಲೆ ನೆನಪಾಯಿತು: ಮೊನ್ನೆ ಮೂರು ದಿನ ಮಳೆ ಸುರಿದಿತ್ತು. ಮೂರು ತಾಸು ಕಳೆಯಿತು, ನಾಲ್ಕು ತಾಸಾಯಿತು. ಪಂಪು ಹೊಸ ಅಳಿಯನ ಹಾಗೆ ಗತ್ತಿನಿಂದ ಓಡುತ್ತಿತ್ತು. ಹೆಂಡತಿ ಬುತ್ತಿ ತಂದಳು, ಅವನು ಮುಟ್ಟಲಿಲ್ಲ. ಐದು ತಾಸಾಯಿತು. ಇಷ್ಟು ವರ್ಷ ನಿಲ್ಲಬೇಡವೋ ಎಂದು ಆ ಮೋಟಾರಿನ ಕಾಲು ಹಿಡಿದವನು ಈಗ ನಿಂತು ಸಾಯಬಾರದೇ ಎಂದು ಒಳಗೊಳಗೇ ಶಪಿಸುತ್ತಿದ್ದ. ಇಂಜಿನಿಯರಮ್ಮ ನಕಾಶೆ ಸುತ್ತತೊಡಗಿದರು.

ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಪೈಪು ಕೆಮ್ಮಿತು. ಒಂದಿಷ್ಟು ಕೆಸರು ಉಗುಳಿ ಗಾಳಿ ಎಳೆಯತೊಡಗಿತು. ಒಣಗಿ ಓಡಿದರೆ ಮೋಟಾರು ಸುಡುತ್ತದೆ. ನೀರುಗಂಟಿ ಹಾರಿ ಸ್ವಿಚ್ಚು ಆರಿಸಿದ, ರಿಜಿಸ್ಟರು ಎಳೆದುಕೊಂಡು 'ಐದೂ ಮುಕ್ಕಾಲು' ಎಂದು ಬರೆದ.

ಆಕೆ ಬಾವಿಗೆ ಬಗ್ಗಿ ನೋಡಿ ಬಂದರು. ಮಳೆಯಾದ ಮೇಲೂ ಇಷ್ಟೇನಾ ಎಂದು ನಕಾಶೆ ಬಿಚ್ಚಿ ಕೆಂಪು ಗೆರೆಯನ್ನು ಊರೊಳಕ್ಕೆ ತಿರುಗಿಸಿದರು. "ವರದಿಲಿ ನಿಮ್ಮ ವಿಷ್ಯಾನೂ ಬರೀಬೇಕಾಗುತ್ತೆ."

"ಬರೀರಿ. ಸುಳ್ಳು ಬರೀಬೇಡಿ ಅಷ್ಟೆ."

ಪೈಪಿಗಿಂತ ಮೊದಲು ಅಮಾನತ್ತಿನ ಆದೇಶ ಬಂತು. ಹೆಂಡತಿ ಎರಡು ಸಲ ಓದಿ ಮಡಿಸಿಟ್ಟಳು. "ಮನೇಲಿ ಕೂತು ಏನ್ ಕಡೀತೀರ? ನೀರು ತನ್ನಿ."

ಅವನು ಕೊಡ ಹಿಡಿದು ನಲ್ಲಿಯ ಸಾಲಿನ ಕೊನೆಯಲ್ಲಿ ನಿಂತ. ಸಾಲು ಮುರಿದರೆ ವಾಲ್ವು ಮುಚ್ಚುತ್ತೇನೆಂದು ಅವನೇ ಹೆದರಿಸಿ ಬೆಳೆಸಿದ ಊರು. ಯಾರೂ ಜಾಗ ಬಿಡಲಿಲ್ಲ.