ಪಾಸ್‌ಪೋರ್ಟಿನಲ್ಲಿ ಪ್ರೇಮಕ್ಕನ ವಯಸ್ಸು

ನಮ್ಮ ಪಕ್ಕದ ಮನೆಯ ಪ್ರೇಮಕುಮಾರಿ ಆರು ವರ್ಷ ಕುವೈತಿನಲ್ಲಿದ್ದು ಬಂದವರು. ಅಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ಮುದುಕಿಯನ್ನು ನೋಡಿಕೊಳ್ಳುತ್ತಿದ್ದರು. ಮುದುಕಿ ತೀರಿಕೊಂಡ ಮೇಲೆ ರಾಮನಾಥಪುರಕ್ಕೆ ಮರಳಿ, ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋಗುತ್ತಿದ್ದಾರೆ. ಸೊಪ್ಪಿನ ಧೂಳಿಗೆ ಅವರಿಗೆ ಉಬ್ಬಸ ಬರುತ್ತದೆ.

ಕಳೆದ ತಿಂಗಳು ಅರಕಲಗೂಡಿನಲ್ಲಿ ವಿದೇಶದಿಂದ ಮರಳಿದವರಿಗೆ ಸರ್ಕಾರದ ಶಿಬಿರ ನಡೆಯಿತು. ವಿದೇಶದಲ್ಲಿ ಕಲಿತ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ, ಅದಿದ್ದರೆ ಹಾಸನದ ವೃದ್ಧಾಶ್ರಮವೊಂದರಲ್ಲಿ ಕೆಲಸ ಸಿಗಬಹುದು ಎಂದು ಪಂಚಾಯಿತಿಯವರು ಹೇಳಿದ್ದರು. ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಆದರೂ ಅಕ್ಷರ ದುಂಡಗಿದೆಯೆಂದು ಅರ್ಜಿ ಬರೆಯಲು ನನ್ನನ್ನು ಕರೆದುಕೊಂಡು ಹೋದರು.

ಬಸ್ಸಿನಲ್ಲಿ ಪ್ರೇಮಕ್ಕ ಪಾಸ್‌ಪೋರ್ಟ್ ತೆಗೆದು ತೋರಿಸಿದರು.

"ಇದ್ರಲ್ಲಿ ನಂಗೆ ಏಳು ವರ್ಸ ಜಾಸ್ತಿ ಕಣೆ. ಮೂವತ್ತು ತುಂಬ್ದೆ ಇರೋ ಹೆಂಗಸ್ರನ್ನ ಪರದೇಸದಾಗೆ ಮನೆಕೆಲ್ಸಕ್ಕೆ ಬಿಡಾಕಿಲ್ಲ ಅಂತ ಏಜೆಂಟು ಅಂಗೆ ಬರೆಸ್ದ. ನಾನೂ ಊಂ ಅಂದ್ಬುಟ್ಟೆ."

"ಇದನ್ನ ತೋರಿಸ್ಲೇಬೇಕಾ ಅಕ್ಕ?"

"ತೋರಿಸ್ದಿದ್ರೆ ಕುವೈತ್‌ಗೆ ಓಗಿದ್ದೆ ಅಂತ ಯಾರು ನಂಬ್ತಾರೆ? ಆಧಾರ್‌ನಾಗೆ ಮೂವತ್ತೊಂದು, ಇದ್ರಾಗೆ ಮೂವತ್ತೆಂಟು. ಎರಡೂ ಕೇಳ್ತಾರೆ."

ನನ್ನ ಕೈ ಹಿಡಿದುಕೊಂಡರು.

ಶಿಬಿರದ ಬಾಗಿಲಲ್ಲಿ ಒಬ್ಬ ಪೊಲೀಸ್ ನಿಂತಿದ್ದ. ಪ್ರೇಮಕ್ಕ ಎರಡು ಸಲ ಹಿಂದಕ್ಕೆ ತಿರುಗಿದರು. ಸಾಲಿನಲ್ಲಿ ಮುಂದಿದ್ದ ಡ್ರೈವರೊಬ್ಬರು ನಕ್ಕರು.

"ಸಮುದ್ರ ದಾಟಿ ಬಂದಿದ್ದೀಯ, ಈ ಪೊಲೀಸಪ್ಪಂಗೆ ಎದರ್ತೀಯಲ್ಲವ್ವಾ. ಅವ್ನು ಬಂದಿರಾದು ಊಟಕ್ಕೆ."

ಪ್ರೇಮಕ್ಕ ನಗಲಿಲ್ಲ.

ಒಳಗೆ ಶಶಿಕಿರಣ್ ಎಂಬ ಅಧಿಕಾರಿ, ಹಾಸಿಗೆ ಹಿಡಿದವರನ್ನು ಹೇಗೆ ಮಗ್ಗುಲು ಬದಲಿಸುತ್ತೀರಿ, ತೋರಿಸಿ ಎಂದರು. ನಾನು ಬೆಂಚಿನ ಮೇಲೆ ಮಲಗಿದೆ. ಪ್ರೇಮಕ್ಕ ಸೆರಗು ಸಿಕ್ಕಿಸಿ, ನನ್ನ ಮೊಣಕಾಲು ಮಡಿಸಿ, ಒಂದೇ ಸಲಕ್ಕೆ ಹೊರಳಿಸಿದರು. ಕಿವಿ ಮಡಚಿಕೊಳ್ಳದಂತೆ ಅಂಗೈ ಒಡ್ಡಿದ್ದರು.

ಅಧಿಕಾರಿ ಏನೋ ಬರೆದುಕೊಂಡು, ಪಾಸ್‌ಪೋರ್ಟನ್ನೂ ಆಧಾರ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟರು. ಅವರ ಬೆರಳು ಒಂದರಿಂದ ಇನ್ನೊಂದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಂತು.

"ಸಾ, ಪಾಸ್‌ಪೋರ್ಟಿಂದು ಸುಳ್ಳು," ಎಂದರು ಪ್ರೇಮಕ್ಕ. "ಆಧಾರಿಂದೇ ದಿಟ."

ಅಧಿಕಾರಿ ಪಾಸ್‌ಪೋರ್ಟನ್ನು ಮುಚ್ಚಿದರು.

"ಇದನ್ನ ನಾನು ಮುಚ್ಚಿಡೋಕಾಗಲ್ಲಮ್ಮ. ಕೆಲಸ ಚೆನ್ನಾಗಿ ಬರುತ್ತೆ ಅಂತ ಬರೀತೀನಿ. ವಯಸ್ಸಿನ ವಿಷಯ ಹಾಸನದ ಆಫೀಸಿಗೆ ಕಳಿಸ್ಬೇಕು."

"ಜೈಲಿಗೆ ಆಕ್ತಾರಾ ಸಾ?"

"ನಂಗೊತ್ತಿಲ್ಲ. ನೀವಾಗೇ ಹೇಳಿದ್ರಿ ಅಂತ ವರದಿಯ ಮೊದಲನೇ ಸಾಲಲ್ಲೇ ಹಾಕ್ತೀನಿ."

ಪ್ರೇಮಕ್ಕನ ಹೇಳಿಕೆಯನ್ನು ನಾನೇ ಬರೆದೆ. ಒಂದಕ್ಷರವೂ ತಪ್ಪಬಾರದೆಂದು ಮೂರು ಸಲ ಓದಿದೆ. ಪ್ರೇಮಕ್ಕ ಸಹಿ ಹಾಕಿದರು.

ನಿನ್ನೆ ಹಾಸನದಿಂದ ಫೋನ್ ಬಂತು. ಪ್ರೇಮಕ್ಕ ಅದನ್ನು ನನ್ನ ಕೈಗೆ ಕೊಟ್ಟು ಗೋಡೆಗೆ ಒರಗಿದರು. ಸೋಮವಾರ ಬನ್ನಿ, ಎರಡೂ ದಾಖಲೆ ತನ್ನಿ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ವೃದ್ಧಾಶ್ರಮದವರೋ ಆಫೀಸಿನವರೋ, ಯಾಕೆ ಎಂದು ಕೇಳಲು ನನಗೂ ಧೈರ್ಯ ಬರಲಿಲ್ಲ.

ಸಂಜೆ ನೋಡಿದರೆ, ಪ್ರೇಮಕ್ಕ ಎರಡು ಜೊತೆ ಬಟ್ಟೆ ಮಡಿಸಿ ಚೀಲಕ್ಕೆ ಹಾಕುತ್ತಿದ್ದರು.

"ಕೆಲ್ಸಕ್ಕೆ ಇಟ್ಕಂಡ್ರೂ ಬೇಕು," ಎಂದರು, "ಒಳಗೆ ಆಕುದ್ರೂ ಬೇಕು."