ಮಂಜುಗಡ್ಡೆಯ ತಳದ ನಾಣ್ಯ

ಊರಿಂದ ಭಾಂಡೂಪಿನ ಮನೆಗೆ ಮರಳಿದ ಮರುದಿನ ಬೆಳಿಗ್ಗೆ, ಎಂದಿನಂತೆ ಹಾಲು ಕಾಯಲು ಇಟ್ಟು ಫ್ರೀಜರ್ ತೆರೆದೆ. ಬಂಗುಡೆ ಮೀನು ಕಲ್ಲಿನಂತೆ ಗಟ್ಟಿಯಾಗಿತ್ತು. ಆದರೆ ಹೊರಡುವಾಗ ಪಕ್ಕದ ಬಟ್ಟಲಿನ ಮಂಜುಗಡ್ಡೆಯ ಮೇಲೆ ನಾನಿಟ್ಟಿದ್ದ ನಾಣ್ಯ ಈಗ ತಳದಲ್ಲಿ ಕೂತಿತ್ತು! ಅಂದರೆ ನಾವಿಲ್ಲದಾಗ ಕರೆಂಟು ಹೋಗಿ, ಎಲ್ಲ ಕರಗಿ, ಮತ್ತೆ ಗಟ್ಟಿಯಾಗಿದೆ. ಕಾನ್ವೆಂಟಿನಲ್ಲಿ ವಿಜ್ಞಾನದ ಸಿಸ್ಟರ್ ಕಲಿಸಿದ ಉಪಾಯವಿದು.

ಮಧ್ಯಾಹ್ನ ಊಟಕ್ಕೆ ಬರುವವಳು ಬಸುರಿ ನಾದಿನಿ. ಹುಳಿ-ಖಾರದ ಬಂಗುಡೆ ಸಾರು, ಪುಳಿಮುಂಚಿ, ಅವಳ ಬಯಕೆ. ನಾನು ಮೀನನ್ನೆಲ್ಲ ಕಸಕ್ಕೆ ಹಾಕಿದ್ದು ಕಂಡ ಅತ್ತೆಗೆ ನಾಣ್ಯ ತೋರಿಸಿ, ಸಿಸ್ಟರ್ ಕಲಿಸಿದ್ದನ್ನು ಹೇಳಿದೆ. ಅವರ ಮುಖ ಕೆಂಪಾಯಿತು.

"ಇಷ್ಟು ಗಟ್ಟಿ ಉಂಟು, ಹಾಳಾದದ್ದು ಎಲ್ಲಿ? ನಿನ್ನ ಸಿಸ್ಟರ್ ಬಂಗುಡೆಯ ಮುಖ ನೋಡಿದ್ದಾರಾ?"

"ನಡುವೆ ಕರಗಿತ್ತು ಅತ್ತೆ, ಬಸುರಿಗೆ ಬೇಡ," ಎಂದೆ. ನಾದಿನಿ ಬರೀ ಬೇಳೆಸಾರು ಉಂಡು ಹೋದಳು. ಅತ್ತೆ ನನ್ನೊಡನೆ ಮಾತು ಬಿಟ್ಟರು.

ಸಂಜೆ ಕರಿಬೇವು ಕೇಳಲು ಬಂದ ಪಕ್ಕದ ಮನೆಯ ಸುರೇಖಾ, ವಿಜಾಪುರದವಳು, ಬಾಗಿಲಲ್ಲೇ ನಿಂತು ಅಂದಳು: "ನೀವು ಊರಾಗಿದ್ದಾಗ ಬಿಲ್ಡಿಂಗಿನ ಕೇಬಲ್ ಸುಟ್ಟು ಎರಡ ದಿನ ಲೈಟ ಇರ್ಲಿಲ್ರಿ. ನಮ್ಮ ಫ್ರಿಜ್‌ನ್ಯಾಗಿಂದೆಲ್ಲಾ ಚೆಲ್ಲಿದ್ವಿ ನೋಡ್ರಿ."

ಕೇಳುತ್ತಿದ್ದ ಅತ್ತೆ ಒಳಗಿಂದ ಕರಿಬೇವು ತಂದುಕೊಟ್ಟರು. ಈಗ ಊರಿಗೆ ಹೊರಡುವ ಮುನ್ನ ಫ್ರೀಜರಿನಲ್ಲಿ ನಾಣ್ಯ ಇಡುವವರು ಅವರೇ.