ಕೆಂಪು ಚೀಟಿಯ ಇಲಿಗಳು

೨೦೦೪ರಲ್ಲಿ ನಾನು ದಾಂಡೇಲಿಯ ಒಂದು ಸಣ್ಣ ಖಾಸಗಿ ಪ್ರಯೋಗಾಲಯದಲ್ಲಿ ಇಲಿಮನೆ ನೋಡಿಕೊಳ್ಳುತ್ತಿದ್ದೆ. ಮುಂಡಗೋಡ ಕಡೆಯ ಗೌಳಿ ದಡ್ಡಿಯಲ್ಲಿ, ಅಂದರೆ ಹಾಲು ಮಾರುವ ನಮ್ಮವರ ಹಟ್ಟಿಯಲ್ಲಿ, ಎಮ್ಮೆ ಮೇಯಿಸಿ ಬೆಳೆದವಳು; ಓದು ಎರಡನೇ ಇಯತ್ತೆಗೆ ನಿಂತಿತ್ತು. ಪಂಜರ ತೊಳೆಯುವುದು, ಕಾಳು ನೀರು ಇಡುವುದು, ಇಂಜೆಕ್ಷನ್ ಕೊಡುವಾಗ ಇಲಿ ಹಿಡಿಯುವುದು ನನ್ನ ಕೆಲಸ.

ಆ ವರ್ಷ ಡಾಕ್ಟರ್ ಮೇಡಂ ಡಿಮೆನ್ಷಿಯಾಕ್ಕೆ, ಅಂದರೆ ಮರೆವಿನ ಕಾಯಿಲೆಗೆ, ಸ್ಟೆಮ್ ಸೆಲ್ ಪರೀಕ್ಷೆ ಶುರುಮಾಡಿದರು. ಅದು ಎಳೆ ಜೀವಕೋಶ. ಕೆಟ್ಟ ಮಿದುಳನ್ನು ರಿಪೇರಿ ಮಾಡೀತೆಂಬ ಆಸೆ. ಇಪ್ಪತ್ನಾಲ್ಕು ಇಲಿಗಳಿಗೆ ಔಷಧದಿಂದ ಮರೆವು ಬರಿಸಿ, ಹನ್ನೆರಡರ ತಲೆಗೆ ಸೆಲ್, ಹನ್ನೆರಡಕ್ಕೆ ಬರೀ ಉಪ್ಪುನೀರು ಹಾಕಿಸಿದರು. ಪಂಜರಗಳಿಗೆ ಕೆಂಪು ಚೀಟಿ, ನೀಲಿ ಚೀಟಿ. ಯಾವುದು ಯಾವುದೆಂದು ಮೇಡಂಗೂ ತಿಳಿಯಬಾರದೆಂದು ಇಂಜೆಕ್ಷನ್ ಕೊಟ್ಟ ಇನ್ನೊಬ್ಬ ಡಾಕ್ಟರು ಉತ್ತರವನ್ನು ಲಕೋಟೆಯಲ್ಲಿ ಅಂಟಿಸಿಟ್ಟರು. ಇಲಿ ಹಿಡಿದು ನಿಂತವಳಿಂದ ಯಾರೂ ಮುಚ್ಚಿಡಲಿಲ್ಲ. ಕೆಂಪಿನವುಗಳ ಸೂಜಿ ಸೆಲ್ ಇಡುವ ಐಸ್ ಡಬ್ಬಿಯಿಂದ ಬಂದಿತ್ತು. ನನಗೆ ತಿಳಿಯಿತು.

ಮೇಡಂ ತಾಯಿಗೂ ಅದೇ ಕಾಯಿಲೆ. ಬಂಗೂರನಗರದ ಮನೆಯಿಂದ ಒಮ್ಮೆ ಅವರನ್ನು ಇಲಿಮನೆಗೆ ಕರೆತಂದಿದ್ದರು.

"ನೀ ಯಾರವಾ?" ಮುದುಕಿ ನನ್ನನ್ನು ಕೇಳಿದಳು.

"ಇಲಿ ಮೇಯ್ಸಾಕಿ ರೀ ಅಮ್ಮಾರ."

ಅವಳು ನಾನು ಸೀರೆ ಉಟ್ಟ ರೀತಿ ನೋಡಿ ನಕ್ಕಳು. "ಗೌಳ್ಯಾರು ಇಲಿ ಹಾಲ ಯಾವಾಗಿಂದ ಮಾರಾಕ ಹತ್ತೀರಿ?" ಆಮೇಲೆ ಮಗಳ ಕಡೆ ಬೆರಳು ಮಾಡಿ, "ಈಕಿ ಯಾರು? ಚಲೋ ಅದಾಳ" ಎಂದಳು.

ಮೇಡಂ ತಾಯಿಯ ಸೆರಗು ಸರಿಮಾಡಿದರು.

ದಡ್ಡಿಯಲ್ಲಿ ಬೇನೆ ಬಿದ್ದು ಏಳುವ ಎಮ್ಮೆಗೆ ಒಂದು ಹಿಡಿ ಹೆಚ್ಚು ಹಾಕಿ ಮೈ ತಿಕ್ಕುತ್ತೇವೆ. ಬೇನೆಯಿಂದ ಏಳಬೇಕಾದವು ಇವೇ ಎಂದು ಅಂದಿನಿಂದ ಕೆಂಪು ಚೀಟಿಯವಕ್ಕೆ ಹಾಗೇ ಮಾಡಿದೆ. ಕೈಯಿಂದ ಶೇಂಗಾ ತಿನ್ನಿಸಿದೆ, ದಿನಾ ಮಡಿಲಲ್ಲಿಟ್ಟು ಸವರಿದೆ. ನೀಲಿಯವಕ್ಕೆ ಕಾಳು ನೀರು ಅಷ್ಟೇ.

ಪರೀಕ್ಷೆಗೆ ದೊಡ್ಡ ತೊಟ್ಟಿ. ಹಾಲುಪುಡಿ ಕಲಸಿದ ನೀರಿನಡಿ ಒಂದು ಮಣೆ ಅಡಗಿರುತ್ತದೆ. ಜಾಗ ನೆನಪಿಟ್ಟ ಇಲಿ ಈಜಿ ಅದನ್ನೇರುತ್ತದೆ. ಕೆಂಪಿನವು ನೇರ ಹೋದವು. ನೀಲಿಯವು ಗಾಬರಿಯಾಗಿ ಅಂಚು ಸುತ್ತಿದವು. ಲಕೋಟೆ ಒಡೆದು ಕೆಂಪಿನವಕ್ಕೇ ಸೆಲ್ ಹಾಕಿದ್ದೆಂದು ಕಂಡಾಗ ಮೇಡಂ ನನ್ನ ಕೈ ಹಿಡಿದುಕೊಂಡರು. ಇಲಿಗಳನ್ನು ಕೊಂದು ಮಿದುಳು ತೆಗೆದದ್ದಾಯಿತು. ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಅವರು ವರದಿ ಬರೆಯುವಾಗ ಕೇಳಿದರು:

"ಮಾವಶಿ, ಎಲ್ಲಾಕ್ಕೂ ಒಂದ ನಮೂನಿ ನೋಡ್ಕೊಂಡಿ, ಹೌದಿಲ್ಲೋ?"

ಅವರು ಅಷ್ಟು ಖುಷಿಯಲ್ಲಿದ್ದರು. "ಹೂಂ ರೀ" ಎಂದೆ.

ಹೊಸ ಇಲಿಗಳ ಮೇಲೆ ಎರಡನೇ ಸಲ ಪರೀಕ್ಷೆ ಮಾಡಿದಾಗ ನಾನು ಹೆದರಿ ಎಲ್ಲಕ್ಕೂ ಕಾಳು ನೀರು ಮಾತ್ರ ಇಟ್ಟೆ. ಕೆಂಪು, ನೀಲಿ ಎರಡೂ ಒಂದೇ ಥರ ಅಂಚು ಸುತ್ತಿದವು. ತಪ್ಪೆಲ್ಲಿ ಎಂದು ಮೇಡಂ ಎಂಟು ತಿಂಗಳು ಹುಡುಕಿದರು. ಐಸು ನೋಡಿದರು, ಸೂಜಿ ನೋಡಿದರು, ಸೆಲ್ ಬೆಳೆಸಿದ ತಮ್ಮ ಕೈಯ ಮೇಲೇ ಸಂಶಯಪಟ್ಟರು. ರವಿವಾರವೂ ಮೈಕ್ರೋಸ್ಕೋಪ್ ಬಿಟ್ಟೇಳಲಿಲ್ಲ. ಕೆಲಸ ಹೋದೀತೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟರಲ್ಲಿ ಮನೆಯಲ್ಲಿ ಅವರ ತಾಯಿಯ ಮಾತು ನಿಂತುಹೋಯಿತು. ಅದನ್ನು ಕೇಳಿದ ದಿನ ಹೇಳಿದೆ.

"ಕೆಂಪ್ ಚೀಟಿಯವಕ್ಕಷ್ಟ ಶೇಂಗಾ ಕೊಟ್ಟಿದ್ನಿ ರೀ. ಮೈ ಸವರಿದ್ನಿ."

ಸವರಿಸಿಕೊಂಡ ಇಲಿ ನೀರಿಗೆ ಹೆದರುವುದಿಲ್ಲ. ಸೆಲ್ಲಿನಿಂದ ಆಯಿತೆಂದುಕೊಂಡದ್ದು ನನ್ನ ಕೈಯಿಂದ ಆಗಿತ್ತೆಂದು ಅವರಿಗೆ ಗಳಿಗೆಯಲ್ಲಿ ತಿಳಿಯಿತು.

"ಅವತ್ತ ಕೇಳಿದ್ನಲ್ಲಾ, ಮಾವಶಿ," ಎಂದರು. ಮೈಕ್ರೋಸ್ಕೋಪಿನ ದೀಪ ಆರಿಸಿ, "ಅವತ್ತ ಹೇಳಿದ್ರ ಈ ಎಂಟು ತಿಂಗಳಾ ನಾ ಅವ್ವನ ಹತ್ರ ಕೂಡ್ತಿದ್ದೆ" ಎಂದರು.

ವರದಿ ಹಿಂದಕ್ಕೆ ತೆಗೆದುಕೊಂಡರು. ನನ್ನನ್ನು ತೆಗೆಯಲಿಲ್ಲ.

ಆ ಕೆಲಸ ಕಲಿಸಿದ್ದು ಇಷ್ಟು: ಕೊಟ್ಟರೆ ಇಪ್ಪತ್ನಾಲ್ಕಕ್ಕೂ ಕೊಡಬೇಕು, ಕೊಡದಿದ್ದರೆ ಕೇಳಿದ ದಿನವೇ ಹೇಳಬೇಕು. ನಾನು ಹೇಳುವ ಹೊತ್ತಿಗೆ ಆ ಮುದುಕಿ ಮಗಳನ್ನು "ಈಕಿ ಯಾರು" ಎಂದು ಕೇಳುವುದನ್ನೂ ಬಿಟ್ಟಿದ್ದಳು.